ಪುಕ್ಕಟೆ ವಕೀಲಬಾಯಿ, ಹದಿನೈದು ಸಾವಿರದ ವಕೀಲ

ಮೊದಲು ರೊಕ್ಕದ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ನಾನು ವ್ಯಾಪಾರದವಳು. ಇಂಡಿ ತಾಲ್ಲೂಕಿನಿಂದ ಪುಣೆಗೆ ಬಂದು 31 ವರ್ಷವಾಯಿತು, ಹಡಪಸರದಲ್ಲಿ ಜೋಳದ ರೊಟ್ಟಿಯ ಕೇಂದ್ರ ಇಟ್ಟಿದ್ದೇನೆ. ಮೊದಲನೆಯ ವಕೀಲರಿಗೆ ಕೊಟ್ಟದ್ದು 15,000 ರೂಪಾಯಿ, ಅದರ ಮೇಲೆ ಟೈಪಿಂಗು, ಟಿಕೀಟು (ಕೋರ್ಟ್ ಫೀಯ ಸ್ಟಾಂಪು) ಅಂತ 4,500. ರಸೀದಿ ಇಲ್ಲ. ಎರಡನೆಯವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ನೇಮಿಸಿಕೊಟ್ಟ ವಕೀಲಬಾಯಿ. ಅವರಿಗೆ ಕೊಟ್ಟದ್ದು ಸೊನ್ನೆ. ಜೆರಾಕ್ಸು, ನೋಟರಿ, ಬಸ್ಸು, ರಿಕ್ಷಾ ಎಂದು ಒಂದು ವರ್ಷದಲ್ಲಿ ಹೋದದ್ದು 3,870; ರೊಟ್ಟಿಯ ಲೆಕ್ಕದ ವಹಿಯ ಹಿಂದಿನ ಹಾಳೆಯಲ್ಲೇ ಬರೆದಿಟ್ಟಿದ್ದೇನೆ. ಇಬ್ಬರಲ್ಲಿ ಯಾರ ಮಾಲು ಚೊಲೋ ಇತ್ತು ಎಂದು ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೇಸು ನನ್ನದಲ್ಲ, ತಂಗಿಯ ಮಗಳದು; ಗಂಡನ ಮನೆಯ ಹಿಂಸೆಯದು. ಇನ್ನೂ ನಡೆದಿದೆ, ಆದ್ದರಿಂದ ಯಾವ ಕೋರ್ಟು, ಯಾವ ಠಾಣೆ, ಯಾರ ಹೆಸರು ಎಂದು ಬರೆಯುವುದಿಲ್ಲ.

2024ರ ಶೀಗಿ ಹುಣ್ಣಿಮೆಯ ರಾತ್ರಿ ಹನ್ನೊಂದೂವರೆಗೆ ಫೋನು ಬಂತು. "ದೊಡ್ಡವ್ವ, ನಾ ಬರ್ಲ್ಯಾ?" ಇಷ್ಟೇ. ನಾಲ್ಕು ವರ್ಷದ ಕೂಸನ್ನು ಕಟ್ಟಿಕೊಂಡು, ಕಾಲಲ್ಲಿ ಚಪ್ಪಲಿ ಇಲ್ಲದೆ ರಿಕ್ಷಾದಲ್ಲಿ ಬಂದಳು. ಆ ರಾತ್ರಿ ನಮಗೆ 112 ಆಗಲಿ, ಮಹಿಳಾ ಸಹಾಯವಾಣಿ 181 ಆಗಲಿ ನೆನಪಿಗೆ ಬರಲಿಲ್ಲ. ಮರುದಿನ ಠಾಣೆಗೆ ಹೋದರೆ ಒಂದು ಎನ್‌ಸಿ (ಎಫ್‌ಐಆರ್ ಮಾಡದೆ ಬರೆದುಕೊಳ್ಳುವ ಸಣ್ಣ ದೂರು) ಬರೆದುಕೊಂಡು, "ಗಂಡ ಹೆಂಡತಿ ಜಗಳ, ಮನೆಯೊಳಗೇ ಬಗೆಹರಿಸಿಕೊಳ್ರಿ" ಅಂದರು. ನಾನು ಸಿಟ್ಟಿನಿಂದ ಆ ಚೀಟಿಯನ್ನು ಹಿಟ್ಟಿನ ಡಬ್ಬಿಯ ಮೇಲೆ ಒಗೆದಿದ್ದೆ. ಮುಂದೆ ಅದೇ ಚೀಟಿ ಕೆಲಸಕ್ಕೆ ಬಂತು. ನಿಮಗೂ ಯಾರಾದರೂ ಅಂಥ ಚೀಟಿ ಕೊಟ್ಟರೆ ಒಗೆಯಬೇಡಿರಿ.

ಹದಿನೈದು ಸಾವಿರದ ವಕೀಲರನ್ನು ಗುರುತಿನವರೇ ತೋರಿಸಿದರು. ಹುಡುಗಿಗೆ ಮರಾಠಿ ತಿಳಿಯುತ್ತದೆ, ಆದರೆ ಅಳು ಬಂದಾಗ ಬಾಯಲ್ಲಿ ಬರುವುದು ಕನ್ನಡವೇ. ನಿಂತಲ್ಲೇ ಹತ್ತು ನಿಮಿಷ ಕೇಳಿದರು, ನಡುವೆ ಎರಡು ಫೋನು ಎತ್ತಿದರು, "ಉಳಿದದ್ದು ನಮ್ಮ ಹುಡುಗನ ಮುಂದೆ ಹೇಳ್ರಿ" ಎಂದು ಕಾರಕೂನನ ಕಡೆ ಕಳಿಸಿದರು. ಅವರ ಲೆಕ್ಕದಲ್ಲಿ ಮೂರು ಕೇಸು, ಮೂರು ಕಡೆ, ಮೂರು ಫೀ. ಎಲ್ಲಕ್ಕೂ ಮೊದಲು "498 ಹಾಕೋಣ, ಮನಿಯವರ ಐದೂ ಮಂದಿ ಹೆಸರು ಬರೀರಿ, ತಾವಾಗೇ ಓಡಿ ಬರ್ತಾರ". (498 ಎಂದರೆ ಗಂಡ ಮತ್ತು ಅವನ ಮನೆಯವರ ಕಿರುಕುಳಕ್ಕೆ ಶಿಕ್ಷೆಯ ಕಲಮು. ಜುಲೈ 2024ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಆಗಿದೆ, ಎಲ್ಲರ ಬಾಯಲ್ಲೂ ಇನ್ನೂ 498.) ಆ ಐದು ಮಂದಿಯಲ್ಲಿ ಸೋಲಾಪುರದ ನಾದಿನಿಯೂ ಒಬ್ಬಳು. ಆ ರಾತ್ರಿ ರಿಕ್ಷಾಕ್ಕೆ ಫೋನಿನಲ್ಲಿ ರೊಕ್ಕ ಹಾಕಿದವಳೇ ಅವಳು! ಅವಳ ಹೆಸರು ಬರೆಯುವುದಿಲ್ಲ ಅಂದೆ. "ಮಾವಶಿ (ಚಿಕ್ಕಮ್ಮ), ಕೇಸು ಹೀಗೇ ನಡೆಯೋದು" ಅಂದರು.

ಮೂರು ವಾರದ ಮೇಲೆ ಟೈಪಾದ ಕಾಗದ ಕೈಗೆ ಬಂತು. ನನಗೆ ಮರಾಠಿ ಓದಲು ಬರುತ್ತದೆ, ಅಂಗಡಿ ಇಟ್ಟವಳಿಗೆ ಬರಲೇಬೇಕು. ನಮ್ಮ ಹುಡುಗಿ "ನನ್ನ ಮ್ಯಾಲೆ ಕೈ ಮಾಡ್ದ" ಎಂದು ಹೇಳಿದ್ದಳು. ಕಾಗದದಲ್ಲಿ "ಹಾತ ಕೇಲಾ" ಎಂದಿತ್ತು. ಕನ್ನಡದವರಿಗೆ ಅದು ಹೊಡೆತ. ಮರಾಠಿಯಲ್ಲಿ ಬಸ್ಸು ನಿಲ್ಲಿಸಲು ರಸ್ತೆಬದಿಗೆ ನಿಂತು ಮಾಡುತ್ತೇವಲ್ಲ, ಅದು! ಗಂಡ ಹೆಂಡತಿಗೆ ಕೈ ಬೀಸಿದ ಎಂದು ಬರೆದ ಕಾಗದಕ್ಕೆ ನಾವು ಹತ್ತೊಂಬತ್ತೂವರೆ ಸಾವಿರ ಕೊಟ್ಟಿದ್ದೆವು. ತಿದ್ದಿರಿ ಎಂದರೆ, "ಅರ್ಥ ಕಳತೋ ನಾ", ಅರ್ಥ ಆಗುತ್ತದಲ್ಲ, ಅಂದರು. ಅರ್ಥ ಆಗಬೇಕಾದದ್ದು ಜಡ್ಜರಿಗೆ.

ಅಷ್ಟರಲ್ಲಿ ಡಿಸೆಂಬರಿನಲ್ಲಿ ಗಂಡನ ಕಡೆಯಿಂದ ಕೌಟುಂಬಿಕ ನ್ಯಾಯಾಲಯದ ವಿಚ್ಛೇದನದ ನೋಟೀಸು. "ತಾನಾಗಿಯೇ ಮನೆ ಬಿಟ್ಟು ಹೋದಳು" ಎಂದು ಬರೆದಿತ್ತು. ನಾವು ವಕೀಲರನ್ನು ಬಿಟ್ಟೆವು. ರೊಕ್ಕ ವಾಪಸು ಬರಲಿಲ್ಲ, ಕೇಳಲೂ ಇಲ್ಲ.

ಪುಕ್ಕಟೆ ನೆರವಿನ ಕಡೆ ನಾನು ಮೊದಲೇ ಹೋಗಲಿಲ್ಲ ಯಾಕೆಂದರೆ, ಅದು ಬಿಪಿಎಲ್ ಕಾರ್ಡಿನವರಿಗೆ ಮಾತ್ರ ಎಂದು ತಿಳಿದಿದ್ದೆ. ತಪ್ಪು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಹೆಂಗಸು ಎಂದಿದ್ದರೆ ಸಾಕು, ಆದಾಯ ಎಷ್ಟೆಂದು ಯಾರೂ ಕೇಳುವುದಿಲ್ಲ. ಫೋನಿನಲ್ಲಿ ಕೇಳುವುದಾದರೆ 15100. ನಾವು ಅರ್ಜಿಯ ಫಾರ್ಮು ತುಂಬಿ, ಆಧಾರಿನ ಜೆರಾಕ್ಸು ಮತ್ತು ಆ ನೋಟೀಸು ಹಚ್ಚಿಕೊಟ್ಟೆವು. ಇನ್ನೊಂದು ಮಾತು: ಮಹಾರಾಷ್ಟ್ರದಲ್ಲಿ ಜೀವನಾಂಶ, ಹಿಂಸೆ, ವಿಚ್ಛೇದನದ ಕೇಸುಗಳಲ್ಲಿ ಹೆಂಗಸರಿಗೆ ಕೋರ್ಟ್ ಫೀ 1994ರಿಂದಲೇ ಮಾಫಿ. ಹಾಗಾದರೆ ಆ 4,500ರಲ್ಲಿ "ಟಿಕೀಟು" ಎಂದು ತೆಗೆದುಕೊಂಡದ್ದು ಯಾವ ಟಿಕೀಟಿಗೋ, ದೇವರೇ ಬಲ್ಲ.

ವಕೀಲಬಾಯಿಯ ನೇಮಕದ ಪತ್ರ ಬರಲು 19 ದಿನ ಹಿಡಿಯಿತು. ಇದು ಮೊದಲನೆಯ ಕೊರತೆ.

ಆದರೆ ಮೊದಲ ದಿನವೇ ಎರಡೂವರೆ ತಾಸು ಕೂತರು. ಒಂದು ಹಳದಿ ಪ್ಯಾಡು, ಒಂದು ಪೆನ್ನು, ಪಕ್ಕದಲ್ಲಿ ಕಾಲನಿರ್ಣಯ ಕ್ಯಾಲೆಂಡರು. ಮೂರೇ ಪ್ರಶ್ನೆ: ಎಲ್ಲಕ್ಕಿಂತ ಮೊದಲನೇ ಸಲ ಯಾವಾಗ, ಎಲ್ಲಕ್ಕಿಂತ ಕೆಟ್ಟದ್ದು ಯಾವಾಗ, ಕಡೇ ಸಲ ಯಾವಾಗ. ನಮ್ಮ ಹುಡುಗಿಗೆ ತಾರೀಖು ನೆನಪಿರುವುದಿಲ್ಲ, ಹಬ್ಬ ನೆನಪಿರುತ್ತದೆ. "ಕಾರಹುಣ್ಣಿಮಿ ದಿನ" ಅಂದಳು. ವಕೀಲಬಾಯಿ ನನ್ನ ಮುಖ ನೋಡಿದರು. ಎತ್ತುಗಳ ಹಬ್ಬ, ಜ್ಯೇಷ್ಠದ ಹುಣ್ಣಿಮೆ ಎಂದು ತಿಳಿಸಿದೆ. ಕ್ಯಾಲೆಂಡರು ಮಗುಚಿ ಬೆರಳಿಟ್ಟು ಸುಮ್ಮನಾದರು. 2024ರ ಜೂನ್ 21, ವಟಪೌರ್ಣಿಮೆ. ಪುಣೆಯ ಹೆಂಗಸರೆಲ್ಲ ಗಂಡನ ಆಯುಷ್ಯಕ್ಕೆ ಆಲದ ಮರಕ್ಕೆ ದಾರ ಸುತ್ತುವ ದಿನ. ಅದನ್ನೂ ಬರೆದುಕೊಂಡರು. ಶೀಗಿ ಹುಣ್ಣಿಮೆ ಎಂದರೆ ಇಲ್ಲಿಯ ಕೋಜಾಗಿರಿ, ಅಕ್ಟೋಬರ್ 16. ಹಿಟ್ಟಿನ ಡಬ್ಬಿಯ ಮೇಲಿದ್ದ ಎನ್‌ಸಿ ಚೀಟಿಯಲ್ಲಿ 17. ತಾಳೆಯಾಯಿತು. "ತಾನಾಗಿಯೇ ಹೋದಳು" ಎಂಬ ಮಾತಿಗೆ ಅಲ್ಲೇ ತೂತು ಬಿತ್ತು.

ನಡುವೆ ನನ್ನ ಬಾಯಿ ಮುಂದೆ ಮುಂದೆ ಹೋಗುತ್ತಿತ್ತು. ಅವಳು ಎರಡು ಮಾತು ಹೇಳಿದರೆ ನಾನು ನಾಲ್ಕು ಮಾಡಿ ಮರಾಠಿಯಲ್ಲಿ ಒಗೆಯುತ್ತಿದ್ದೆ. ವಕೀಲಬಾಯಿ ಪೆನ್ನು ಕೆಳಗಿಟ್ಟರು. "ಮಾವಶಿ, ತುಮ್ಹಿ ನಾಹಿ. ತಿಲಾ ಬೋಲೂ ದ್ಯಾ." ನೀವಲ್ಲ, ಅವಳು ಮಾತಾಡಲಿ ಎಂದು. ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಪುಕ್ಕಟೆ ದುಭಾಷಿ ಸಿಕ್ಕಿದ್ದೇನೆ, ಮೇಲೆ ಬೈಗುಳವೇ? ಆದರೂ ಸುಮ್ಮನೆ ಕೂತೆ. ಒಂದೈದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನನಗೆ ಗೊತ್ತೇ ಇಲ್ಲದ್ದೊಂದು ಹೊರಗೆ ಬಂತು.

ಅತ್ತೆ ದೊಡ್ಡ ಮಗನ ಮನೆಗೆ ಸೋಲಾಪುರಕ್ಕೆ ಹೋದಾಗಲೆಲ್ಲ ಗಂಡ ಕೆಲಸಕ್ಕೆ ಹೋಗುವಾಗ ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿ ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದನಂತೆ. ಸಂಜೆ ಏಳರ ತನಕ ಒಲೆ ಇಲ್ಲ. ಕೈಯಲ್ಲಿ ರೊಕ್ಕವೂ ಇಲ್ಲ, ಎಟಿಎಂ ಕಾರ್ಡು ಅವನ ಹತ್ತಿರ. "ಮತ್ತ ಕೂಸಿಗೆ ಏನ್ ಹಾಕ್ತಿದ್ದಿ?" ಅಂದೆ. ನನ್ನ ಕಡೆ ನೋಡದೇ ಹೇಳಿದಳು, "ನೀ ಕಳಸ್ತಿದ್ದೆಲ್ಲಾ ದೊಡ್ಡವ್ವ."

ಎರಡು ವರ್ಷದಿಂದ ಅವಳು "ಈ ವಾರ ಐವತ್ತು ಖಡಕ್ ರೊಟ್ಟಿ ಕಳಸು, ಹಿಂಡಿನೂ ಇರ್ಲಿ" ಎಂದು ಫೋನು ಮಾಡುತ್ತಿದ್ದಳು. ಊರ ರುಚಿ ಮರೆತಿಲ್ಲ ಹುಡುಗಿ ಎಂದು ನಾನು ಗಿರಾಕಿಗಳ ಮುಂದೆ ಹೊಗಳುತ್ತಿದ್ದೆ. ಖಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ಒಲೆಯೂ ಬೇಕಿಲ್ಲ.

ವಕೀಲಬಾಯಿ ರೆಗ್ಯುಲೇಟರಿನ ಸಾಲಿನ ಕೆಳಗೆ ಎರಡು ಸಲ ಗೆರೆ ಎಳೆದರು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ ಬಡಿತವೊಂದನ್ನೇ ಹಿಂಸೆ ಅನ್ನುವುದಿಲ್ಲ. ಬೈಗುಳ, ಅವಮಾನ, ಲೈಂಗಿಕ ಹಿಂಸೆ, ಹಾಗೆಯೇ ಖರ್ಚಿಗೆ ಕೊಡದಿರುವುದು, ಮನೆಯ ಸಾಮಾನು ಬಳಸಲು ಬಿಡದಿರುವುದು, ಸ್ತ್ರೀಧನ ಅಟಕಾಯಿಸುವುದು, ಎಲ್ಲ ಅದರೊಳಗೆ ಬರುತ್ತದೆ. ನಾನಂತೂ ಮೈಮೇಲೆ ಬಾಸುಂಡೆ ಇದ್ದರೆ ಮಾತ್ರ ಕೇಸು ಎಂದು ತಿಳಿದಿದ್ದೆ. ಮೊದಲನೆಯ ವಕೀಲರೂ ಹಾಗೇ ತಿಳಿದಿದ್ದರೋ ಏನೋ.

ಮತ್ತೆ ಮೂರು ಕಡೆ ಮೂರು ಕೇಸು ಹಾಕಬೇಕಿರಲಿಲ್ಲ. ಆ ಕಾಯ್ದೆಯ 26ನೇ ಕಲಮಿನಂತೆ ರಕ್ಷಣೆ, ವಾಸ, ಖರ್ಚು, ಪರಿಹಾರ ಎಲ್ಲವನ್ನೂ ಈಗಾಗಲೇ ನಡೆದಿರುವ ಕೌಟುಂಬಿಕ ಕೇಸಿನಲ್ಲೇ ಕೇಳಬಹುದು. ಅಂದರೆ ಅವನೇ ಹೂಡಿದ ವಿಚ್ಛೇದನದ ಹೊಟ್ಟೆಯೊಳಗೇ ನಮ್ಮ ಅರ್ಜಿ. ಒಂದೇ ಕೋರ್ಟು, ಒಂದೇ ತಾರೀಖು. ರೊಟ್ಟಿ ಬಡಿಯುವವಳಿಗೆ ತಿಂಗಳಲ್ಲಿ ಎರಡು ದಿನ ಅಂಗಡಿ ಮುಚ್ಚುವುದು ಉಳಿಯಿತು ಎಂದರೆ ಸಣ್ಣ ಮಾತಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರು ನಿಲ್ಲಲು ಕೋರ್ಟಿನ ಪರವಾನಗಿ ಬೇಕು, ಅದು ಹಕ್ಕಲ್ಲ. ಆ ಅರ್ಜಿಯನ್ನೂ ಬಾಯಿಯೇ ಹಾಕಿದರು.

ಹೊಗಳುವ ಇನ್ನೊಂದು ಗುಣ, ಆಗದ್ದನ್ನು ಆಗುತ್ತದೆ ಎನ್ನಲಿಲ್ಲ. ಮನೆ ಅತ್ತೆಯ ಹೆಸರಿನಲ್ಲಿದೆ, ನಮಗೆ ಅಲ್ಲಿ ಹಕ್ಕೆಲ್ಲಿ ಎಂದು ಕೇಳಿದೆ. ಅತ್ತೆಮಾವನ ಹೆಸರಿನ ಮನೆಯೂ ಸೊಸೆ ಬಾಳಿದ ಮನೆಯಾಗಿದ್ದರೆ ಅಲ್ಲಿ ವಾಸದ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲಿ ಹೇಳಿದೆಯಂತೆ, ಸತೀಶ್ ಚಂದರ್ ಅಹುಜಾ ಪ್ರಕರಣ. "ಹಾಗಾದ್ರ ಅವ್ರನ್ನ ಹೊರಗ ಹಾಕಸ್ರಿ" ಅಂದೆ. ನಕ್ಕರು. ಮನೆ ಬಿಟ್ಟು ಹೋಗು ಎಂಬ ಆದೇಶ ಗಂಡನ ಮೇಲೆ ಆಗಬಹುದು, ಹೆಂಗಸಿನ ಮೇಲೆ ಆಗದು. ಅತ್ತೆ ಅಲ್ಲೇ ಇರುತ್ತಾಳೆ. "ಅವಳ ಜೊತೆ ಇರಲು ನಿನಗೆ ಮನಸ್ಸಿದೆಯಾ?" ಎಂದು ಹುಡುಗಿಯನ್ನೇ ಕೇಳಿದರು. ಇಲ್ಲ ಅಂದಳು. ಹಾಗಾದರೆ ಬೇರೆ ಖೋಲಿಯ ಬಾಡಿಗೆ ಕೇಳೋಣ, ಅದಕ್ಕೂ ಕಾಯ್ದೆಯಲ್ಲಿ ದಾರಿ ಇದೆ ಎಂದರು.

ಗಂಡ ತನ್ನ ಪಗಾರ 14,000 ಎಂದು ಹೇಳಿಕೊಂಡಿದ್ದ. ರಜನೇಶ್ ವಿರುದ್ಧ ನೇಹಾ ಎಂಬ ಸುಪ್ರೀಂ ಕೋರ್ಟಿನ 2020ರ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಹಾಕಲೇಬೇಕು. ಅದರ ಜೊತೆ ಬಂದ ಬ್ಯಾಂಕಿನ ಕಾಗದದಲ್ಲಿ ಪ್ರತಿ ತಿಂಗಳು ಕಾರಿನ ಕಂತು 12,500. ಉಳಿದ ಒಂದೂವರೆ ಸಾವಿರದಲ್ಲಿ ಪೆಟ್ರೋಲು ಹಾಕಿ, ಊಟ ಮಾಡಿ, ವಿಚ್ಛೇದನದ ವಕೀಲರನ್ನೂ ಇಟ್ಟ ಗಂಡಸನ್ನು ನೋಡಲು ನಾನೂ ಆ ದಿನ ಕೋರ್ಟಿಗೆ ಹೋಗಿದ್ದೆ.

ಈಗ ಕೊರತೆಗಳು. ಬಾಯಿಯ ಕೈಯಲ್ಲಿ ಕೇಸು ಬಹಳ. ಫೋನು ಎತ್ತುವುದಿಲ್ಲ, ವಾಟ್ಸಾಪಿಗೆ ರಾತ್ರಿ ಹತ್ತರ ಮೇಲೆ ಉತ್ತರ. ಎರಡು ತಾರೀಖಿಗೆ ಜೂನಿಯರ್ ಒಬ್ಬ ಬಂದ, ಪಾಪ, ಅವನಿಗೆ ಹುಡುಗಿಯ ಹೆಸರೂ ಗೊತ್ತಿರಲಿಲ್ಲ. ಕನ್ನಡದ ದುಭಾಷಿ ಎಲ್ಲಿಯೂ ಇಲ್ಲ. ನಾನಿಲ್ಲದಿದ್ದರೆ ಆ ರೆಗ್ಯುಲೇಟರ್ ಮರಾಠಿಗೆ ದಾಟುತ್ತಲೇ ಇರಲಿಲ್ಲ. ಆದರೆ ನಾನಿದ್ದುದರಿಂದಲೇ ಎಷ್ಟು ಮಾತು ಒಳಗುಳಿದವೋ. ದೊಡ್ಡವ್ವನ ಮುಂದೆ ಹೇಳಲಾಗದ ಮಾತು ಇರುತ್ತವಲ್ಲ. ಪುಣೆಯಲ್ಲಿ ಇಷ್ಟು ಕನ್ನಡದವರಿದ್ದೇವೆ, ಗಣಪತಿಗೆ ಲಕ್ಷ ಎತ್ತುತ್ತೇವೆ, ವಾರಕ್ಕೊಂದು ತಾಸು ಕೂತು ಇಂಥ ಹುಡುಗಿಯರ ಮಾತನ್ನು ಮರಾಠಿಗೆ ದಾಟಿಸುವ ಓದಿದ ಹೆಂಗಸು ಒಬ್ಬಳು ಸಿಗುವುದಿಲ್ಲವೇ? ಸಮಾಲೋಚನೆಗೆ ಕೂರಿಸಿದವರೂ ಮೊದಲ ಸಲ "ಕೂಸಿನ ಮುಖ ನೋಡಿ ಹೊಂದಿಕೊಳ್ಳಮ್ಮ" ಅಂದರು. ಎರಡನೇ ಸಲ ಬಾಯಿ ಮೊದಲೇ ಒಂದು ಪುಟ ಬರೆದು ಕೊಟ್ಟಿದ್ದಕ್ಕೆ ಹಾಗೆ ಅನ್ನಲಿಲ್ಲ.

ಹೊತ್ತು? ಮ್ಯಾಜಿಸ್ಟ್ರೇಟರು ಇಂಥ ಅರ್ಜಿಯನ್ನು ಮೊದಲ ತಾರೀಖಿನಿಂದ 60 ದಿನದಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ನಮ್ಮದು 2025ರ ಫೆಬ್ರವರಿಯಲ್ಲಿ ಹಾಕಿದ್ದು, ಮಧ್ಯಂತರ ಆದೇಶ ಬಂದದ್ದು ಜುಲೈನಲ್ಲಿ. ಹುಡುಗಿಗೆ 8,000, ಕೂಸಿಗೆ 4,000, ಖೋಲಿಯ ಬಾಡಿಗೆಗೆ 5,000, ಅರ್ಜಿ ಹಾಕಿದ ದಿನದಿಂದ ಲೆಕ್ಕ. ಜೊತೆಗೆ ಅವಳ ಹತ್ತಿರ ಸುಳಿಯಬಾರದೆಂಬ ರಕ್ಷಣಾ ಆದೇಶ. ಒಂದು ದಿನ ಅವನು ನಮ್ಮ ಅಂಗಡಿಯ ಎದುರು ಸ್ಕೂಟರ್ ನಿಲ್ಲಿಸಿ ಅರ್ಧ ತಾಸು ನಿಂತ. ಬಾಯಿ ಹೇಳಿದಂತೆ ಫೋಟೋ ತೆಗೆದು ಅರ್ಜಿ ಕೊಟ್ಟೆವು. ಆ ಆದೇಶ ಮುರಿದರೆ ಒಂದು ವರ್ಷದ ತನಕ ಜೈಲು, ಇಲ್ಲವೇ 20,000ದ ತನಕ ದಂಡ, ಎರಡೂ ಆಗಬಹುದು. ಮತ್ತೆ ಬಂದಿಲ್ಲ. ರೊಕ್ಕ ಮಾತ್ರ ಮೂರು ತಿಂಗಳು ಸರಿಯಾಗಿ ಹಾಕಿ ನಿಲ್ಲಿಸಿದ್ದಾನೆ, ವಸೂಲಿಯ ಅರ್ಜಿ ನಡೆದಿದೆ. ಹುಡುಗಿಯ ಒಡವೆ, ಬೋರಮಾಳವೂ ಎರಡು ಪಾಟಲಿಯೂ, ಇನ್ನೂ ಅತ್ತೆಯ ಕಪಾಟಿನಲ್ಲಿವೆ.

ಐದರಲ್ಲಿ ಎಷ್ಟು ಎಂದರೆ ಪುಕ್ಕಟೆ ನೆರವಿಗೆ ನಾಲ್ಕು. ಆ 19 ದಿನ ಮತ್ತು ಜೂನಿಯರನಿಗಾಗಿ ಒಂದು ಕಳೆದೆ. ಹದಿನೈದು ಸಾವಿರದವರಿಗೆ ಸೊನ್ನೆ ಕೊಡಬೇಕೆಂದಿದ್ದೆ, ಆದರೆ ಅವರ ಫೈಲಿನ ಪ್ಲಾಸ್ಟಿಕ್ ಕವರು ಗಟ್ಟಿ ಇತ್ತು, ಈಗಲೂ ಅದರಲ್ಲೇ ಕಾಗದ ಇಟ್ಟಿದ್ದೇವೆ. ಅರ್ಧ ಇರಲಿ.

ಆದೇಶ ಬಂದ ದಿನ ನಾನು ಐವತ್ತು ರೊಟ್ಟಿ ಕಟ್ಟಿಕೊಂಡು ಬಾಯಿಯ ಹತ್ತಿರ ಹೋಗಿದ್ದೆ. ಮುಟ್ಟಲಿಲ್ಲ. ನೆರವಿನ ಕೇಸಿನಲ್ಲಿ ಪಕ್ಷಗಾರರಿಂದ ಏನೂ ತೆಗೆದುಕೊಳ್ಳುವ ಹಾಗಿಲ್ಲ ಎಂದರು. ಸಪ್ಪೆ ಮುಖ ಮಾಡಿಕೊಂಡು ಬಂದೆ. ಮುಂದಿನ ರವಿವಾರ ಅಂಗಡಿಗೆ ತಾವೇ ಬಂದರು, ಸಾಲಿನಲ್ಲಿ ನಿಂತರು. ಹತ್ತು ರೊಟ್ಟಿ, ಒಂದು ಪಾಕೀಟು ಶೇಂಗಾ ಹಿಂಡಿ. ಇನ್ನೂರರ ನೋಟು ಕೊಟ್ಟು, ನಾನು ಕೊಟ್ಟ ಚಿಲ್ಲರೆಯನ್ನು ಎಣಿಸಿ, ಹತ್ತು ರೂಪಾಯಿ ಹೆಚ್ಚು ಬಂದಿದೆ ಎಂದು ವಾಪಸು ಇಟ್ಟು ಹೋದರು.