ನಾಲ್ಕು ಕಾಫಿ ಪಾತ್ರೆ, ಕಲಬುರಗಿಯ ನೀರು

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಕುಡಿದ ಜಾಗದಲ್ಲಿ ಸಿಕ್ಕ ಖುಷಿಗೆ ಅಂಕ ಕೊಡುವುದಾದರೆ ಇಸ್ತಾಂಬುಲ್ ಮೊದಲು, ಇಟಲಿ ಎರಡನೆಯದು, ವಿಯೆಟ್ನಾಂನ ಹನೋಯ್ ಮೂರನೆಯದು. ಅಲ್ಲಿನ ಕಾಫಿ ಪಾತ್ರೆಗಳನ್ನು ಕಲಬುರಗಿಗೆ ತಂದು, ಇಲ್ಲಿನ ನೀರು ಹಾಕಿ ಕಾಸಿದರೆ ಈ ಸಾಲು ತಲೆಕೆಳಗು. ಹನೋಯ್‌ನ ಫಿನ್ ಎಲ್ಲಕ್ಕಿಂತ ಮುಂದೆ ಬರುತ್ತದೆ. ನಮ್ಮ ಹಳೇ ಸ್ಟೀಲ್ ಫಿಲ್ಟರ್ ಅದರ ಪಕ್ಕದಲ್ಲೇ ನಿಲ್ಲುತ್ತದೆ. ಇಟಲಿಯ ಮೋಕಾ ಮೂರನೆಯದು, ಟರ್ಕಿಯ ಜೆಜ್ವೆ ಕೊನೆ.

ನಮ್ಮದು ಚಾ ಕುಡಿಯುವ ಊರು. ಕಾಫಿ ಬೇಕಂದ್ರೆ ಉಡುಪಿ ಹೋಟೆಲ್ ಹುಡುಕಬೇಕು, ಇಲ್ಲಾ ಬೆಂಗಳೂರಿಂದ ಬರುವವರಿಗೆ ಪುಡಿ ತರಲು ಹೇಳಬೇಕು. ಹಾಗಾಗಿ ಬಂದ ಪುಡಿ ಹಾಳಾಗದಂತೆ, ಇರೋ ನೀರಲ್ಲಿ ಚೆನ್ನಾಗಿ ಕಾಸುವುದು ಹೇಗೆ ಅನ್ನೋದೇ ನನ್ನ ಚಿಂತೆ.

ನೀರಿನಿಂದಲೇ ಶುರು ಮಾಡೋಣ, ಯಾಕಂದ್ರೆ ಲೋಟದಲ್ಲಿ ಇರೋದು ಬಹುಪಾಲು ಅದೇ. ಶಹಾಬಾದ್, ವಾಡಿ, ಸೇಡಂ ಕಡೆ ನೆಲದಡಿ ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದಿದ್ದೇ ಅದಕ್ಕೆ. ನಮ್ಮ ಮನೆಯ ಬೋರ್‌ವೆಲ್ ನೀರೂ ಗಡಸೇ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು, ಹಾಗಾಗಿ ಒಂದು ಬಾಟಲಿ ನೀರು ಲ್ಯಾಬ್‌ಗೆ ಒಯ್ದು, ಗಡಸುತನ ಅಳೆಯಲು ಇಡಿಟಿಎ ದ್ರಾವಣ ಹನಿಹನಿಯಾಗಿ ಹಾಕಿ ಟೈಟ್ರೇಟ್ ಮಾಡಿದೆ. ನೀರಿನ ಬಣ್ಣ ವೈನ್ ಕೆಂಪಿನಿಂದ ನೀಲಿಗೆ ತಿರುಗುವಷ್ಟರಲ್ಲಿ ಬ್ಯುರೆಟ್ ಅನ್ನುವ ಅಳತೆ ಕೊಳವೆಯಲ್ಲಿ ದ್ರಾವಣ ಬಹಳ ಕೆಳಗೆ ಇಳಿದಿತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಆರಾಮಾಗಿ ದಾಟಿತ್ತು. ಕಾಫಿ ಪರಿಣತರು ಒಪ್ಪುವುದು ಸುಮಾರು 50ರಿಂದ 175ರವರೆಗೆ.

ಗಡಸು ನೀರು ಕಾಫಿಗೆ ಪೂರ್ತಿ ಶತ್ರು ಅಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ ಇದ್ದರೇನೇ ರುಚಿಗೆ ಮೈ ಬರುತ್ತದೆ. ತೊಂದರೆ ಕೊಡುವುದು ಜೊತೆಗಿರುವ ಬೈಕಾರ್ಬೊನೇಟ್. ಅದು ಕಾಫಿಯ ಸಿಟ್ರಿಕ್, ಮ್ಯಾಲಿಕ್ ಆಮ್ಲಗಳನ್ನು ಅಲ್ಲೇ ಸುಮ್ಮನಾಗಿಸುತ್ತದೆ. ಚಿಕ್ಕಮಗಳೂರಿನ ಒಳ್ಳೆಯ ಅರೇಬಿಕಾ, ಹದವಾಗಿ ಹುರಿದಿದ್ದು, ಹಣ್ಣಿನ ಹುಳಿ ಇರಬೇಕಾದದ್ದು, ನಮ್ಮ ಬೋರ್ ನೀರಲ್ಲಿ ಸಪ್ಪೆ ಸಪ್ಪೆ. ಪೂರ್ತಿ ಆರ್‌ಒ ನೀರು ಹಾಕಿದರೆ ಹುಳಿ ಚುಚ್ಚುತ್ತದೆ, ಮೈಯೇ ಇರೋದಿಲ್ಲ. ದಾರಿ ಸುಲಭ. ರಾತ್ರಿ ಬೋರ್ ನೀರು ಚೆನ್ನಾಗಿ ಕುದಿಸಿ ಇಡಬೇಕು. ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕೆ ಬಿಳಿ ಕೂರುತ್ತದೆ. ಬೆಳಿಗ್ಗೆ ಮೇಲಿನ ತಿಳಿ ಬಗ್ಗಿಸಿಕೊಂಡು, ಅಷ್ಟೇ ಆರ್‌ಒ ನೀರು ಬೆರೆಸುವುದು. ಮುಂದೆ ಹೇಳುವುದೆಲ್ಲ ಈ ಬೆರಕೆ ನೀರಿನ ಮಾತು.

ಈಗ ಮೋಕಾ. ಅಲ್ಫೋನ್ಸೊ ಬಿಯಾಲೆಟ್ಟಿ 1933ರಲ್ಲಿ ತಂದ ಎಂಟು ಮೂಲೆಯ ಅಲ್ಯೂಮಿನಿಯಂ ಪಾತ್ರೆ. ಕೆಳಗೆ ನೀರು, ನಡುವೆ ಪುಡಿ. ಕಾದಾಗ ಹಬೆಯ ಒತ್ತಡಕ್ಕೆ ನೀರು ಪುಡಿಯೊಳಗಿಂದ ಮೇಲೇರುತ್ತದೆ. ಕಾಫಿ ಅಂಗಡಿಯ ಎಸ್ಪ್ರೆಸೊ ಯಂತ್ರದಲ್ಲಿ 9 ಬಾರ್ ಒತ್ತಡ ಇದ್ದರೆ ಇದರಲ್ಲಿ ಒಂದೂವರೆ ಎರಡರ ಆಸುಪಾಸು. ಹಾಗಾಗಿ ಇದನ್ನು ಎಸ್ಪ್ರೆಸೊ ಅನ್ನುವಂತಿಲ್ಲ, ಗಟ್ಟಿ ಕಾಫಿ ಅಷ್ಟೇ. ಇಟಲಿಯ ಕಾಫಿ ಸುಖ ಬರೀ ರುಚಿಯಲ್ಲಿ ಇಲ್ಲ ಬಿಡಿ. ಕೌಂಟರ್ ಮುಂದೆ ನಿಂತೇ ಎರಡು ಗುಟುಕಿಗೆ ಮುಗಿಸಿ ಹೊರಡಬೇಕು, ಕುರ್ಚಿಗೆ ಕೂತರೆ ಎಷ್ಟೋ ಕಡೆ ಬೆಲೆ ಜಾಸ್ತಿ. ನೇಪಲ್ಸ್‌ನಲ್ಲಿ ಒಂದು ಕಾಫಿ ಕುಡಿದು ಎರಡಕ್ಕೆ ದುಡ್ಡು ಕೊಟ್ಟು ಹೋಗುವ ಪದ್ಧತಿ ಇದೆ. ಎರಡನೆಯದು ಆಮೇಲೆ ಬರುವ ಯಾರೋ ಬಡವರಿಗೆ. ಶರಣಬಸವೇಶ್ವರರ ದಾಸೋಹ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಮನೆಯಲ್ಲಿ ಮೋಕಾ ಕಾಡಿದ್ದು ಬೇರೆ ಕಾರಣಕ್ಕೆ. ನಮ್ಮ ಗ್ಯಾಸ್ ಒಲೆಯ ಸಣ್ಣ ಬರ್ನರೂ ಅದಕ್ಕೆ ದೊಡ್ಡದು. ಉರಿ ಪಕ್ಕಕ್ಕೆ ಬಂದು ಹಿಡಿ ಸುಡುತ್ತದೆ. ಪುಡಿ ಜಾಸ್ತಿ ಕಾದರೆ ಕಹಿ ಒರಟಾಗುತ್ತದೆ. ಬೋರ್ ನೀರನ್ನೇ ಹಾಕಿದರೆ ಸುಣ್ಣವಂತೂ ಬೇಗ ಕಟ್ಟುತ್ತದೆ. ಪಾತ್ರೆಯ ಪಕ್ಕದಲ್ಲಿ ಹೆಚ್ಚಾದ ಒತ್ತಡ ಹೊರಬಿಡುವ ಸಣ್ಣ ವಾಲ್ವ್ ಕಟ್ಟಿಕೊಂಡರೆ ಅಪಾಯ. ಆಗಾಗ ನಿಂಬೆರಸದ ನೀರು ಕಾಸಿ ತೊಳೆಯಲೇಬೇಕು. ಇಟಲಿಯಲ್ಲೂ ಸುಣ್ಣದ ನೀರು ಹೊಸದಲ್ಲ, ರೋಮ್‌ನ ಹಳೇ ಮೇಲ್ಗಾಲುವೆಗಳಲ್ಲಿ ಕಟ್ಟಿದ ಪದರ ಇವತ್ತಿಗೂ ಕಾಣುತ್ತದೆ. ಕಪ್ಪಗೆ ಹುರಿದ ಬೀಜದಲ್ಲಿ ಆಮ್ಲ ಮೊದಲೇ ಕಡಿಮೆ, ಅದಕ್ಕೆ ಅಂಥ ನೀರಿನಿಂದ ದೊಡ್ಡ ನಷ್ಟ ಇಲ್ಲ. ಆ ಹುರಿತದ ಪುಡಿ ಸಿಕ್ಕರೆ ಮೋಕಾ ಇಲ್ಲೂ ಒಳ್ಳೆಯದೇ. ದಿನಾ ಯಾರು ಅಷ್ಟು ಕಾವಲು ಕಾಯುತ್ತಾರೆ?

ಜೆಜ್ವೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದ್ದ ಹಿಡಿಯ ತಾಮ್ರದ ಪುಟ್ಟ ಪಾತ್ರೆ. ಹಿಟ್ಟಿನಷ್ಟು ನುಣ್ಣನೆ ಪುಡಿ, ಸಕ್ಕರೆ, ನೀರು ಒಟ್ಟಿಗೇ ಹಾಕಿ, ನೊರೆ ಏಳುವ ಹೊತ್ತಿಗೆ ಇಳಿಸಬೇಕು. ಕುದಿಯಲು ಬಿಟ್ಟರೆ ನೊರೆ ಹೋಯಿತು. ಇಸ್ತಾಂಬುಲ್‌ನ ಬಾಸ್ಫರಸ್ ದಂಡೆಯಲ್ಲಿ ಒಂದು ಲೋಟ ನೀರು, ಒಂದು ತುಂಡು ಲೋಕುಮ್ ಸಿಹಿ ಜೊತೆಗೆ ಕುಡಿದಾಗ ಎದ್ದು ಬರಲು ಮನಸ್ಸಿರಲಿಲ್ಲ. ಯುನೆಸ್ಕೊ 2013ರಲ್ಲಿ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಬರೀ ಕಾಫಿಗಾಗಿ ಅಲ್ಲ, ಅದರ ಸುತ್ತ ಕೂತು ಮಾತಾಡುವ ಸಂಸ್ಕೃತಿಗಾಗಿ. ಅದನ್ನು ಸೂಟ್‌ಕೇಸಿನಲ್ಲಿ ತರಲಾಗುವುದಿಲ್ಲ. ಇಲ್ಲಿ ಮಾಡಿಕೊಟ್ಟಾಗ ಪಕ್ಕದ ಮನೆ ಕಾಕಾ ಕಪ್ ಓರೆ ಮಾಡಿ ನೋಡಿದರು: ‘ಇದರ ತಳದಾಗ ಕೆಸರ ಅದಲ್ರೀ!’ ಇನ್ನೊಂದು ಸಂಗತಿ. ಸೋಸದ ಕಾಫಿಯಲ್ಲಿ ಕೆಫೆಸ್ಟಾಲ್ ಅನ್ನುವ ಎಣ್ಣೆಯಂಶ ಜಾಸ್ತಿ ಉಳಿಯುತ್ತದೆ, ಅದು ಕೊಲೆಸ್ಟರಾಲ್ ಏರಿಸುತ್ತದೆ. ಕೊಲೆಸ್ಟರಾಲ್ ಜಾಸ್ತಿ ಇರುವವರಿಗೆ ಪೇಪರ್ ಫಿಲ್ಟರೇ ವಾಸಿ.

ನಮ್ಮ ಫಿಲ್ಟರ್ ಗೆಲ್ಲುವುದು ಹಾಲಿನಿಂದ, ಚಿಕೋರಿಯಿಂದ. ಚಿಕೋರಿ ಬೇರಿನಲ್ಲಿ ಕೆಫೀನ್ ಇಲ್ಲ. ಅದರಲ್ಲಿರುವ ಇನ್ಯುಲಿನ್ ಅನ್ನುವ ನಾರಿನಂಶ ಹುರಿದಾಗ ಕ್ಯಾರಮೆಲ್ ಆಗಿ ಬಣ್ಣ, ದಪ್ಪ ಕೊಡುತ್ತದೆ. ಕಾಫಿ ಪುಡಿಯಲ್ಲಿ ನೀರಿಗೆ ಬಿಡುವುದು ಹೆಚ್ಚೆಂದರೆ 30 ಶೇಕಡಾ, ಚಿಕೋರಿ ಅದರ ದುಪ್ಪಟ್ಟು ಬಿಡುತ್ತದೆ. ನೀರು ನಿಧಾನ ಇಳಿಯುವುದರಿಂದ ಕಾಫಿಯ ಸತ್ವವೂ ಜಾಸ್ತಿ ಬರುತ್ತದೆ. ನಮ್ಮ ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ 51 ಶೇಕಡಾಕ್ಕಿಂತ ಕಡಿಮೆ ಇರುವಂತಿಲ್ಲ. ನನಗೆ 80ಕ್ಕೆ 20 ಹಿತ. ಇದಕ್ಕೆ ಎಮ್ಮೆ ಹಾಲು ಬಿದ್ದರೆ ಮುಗೀತು. ಅದರ ಕೊಬ್ಬು ಸುಮಾರು 7 ಶೇಕಡಾ. ಹಾಲಿನ ಕೇಸಿನ್ ಅನ್ನುವ ಪ್ರೋಟೀನ್ ಕಾಫಿಯ ಒಗರು ಪದಾರ್ಥಗಳನ್ನು ಹಿಡಿದಿಡುತ್ತದೆ, ಕೊಬ್ಬು ಕಹಿ ಮರೆಸುತ್ತದೆ. ಗಡಸು ನೀರಿನ ತಪ್ಪೂ ಇಲ್ಲಿ ಗೊತ್ತಾಗುವುದಿಲ್ಲ. ಒಂದೇ ಕೊರತೆ: ಸಮಯ. ಹಿಂದಿನ ರಾತ್ರಿಯೇ ಡಿಕಾಕ್ಷನ್ ಹಾಕಿದರೆ ಬೆಳಿಗ್ಗೆ ಘಮ ಅರ್ಧ ಹೋಗಿರುತ್ತದೆ.

ಅಲ್ಲೇ ಫಿನ್ ಮುಂದೆ ಹೋಗುವುದು. ಇದೂ ತೂತಿನ ಲೋಹದ ಫಿಲ್ಟರೇ, ಆದರೆ ಒಬ್ಬರಿಗೆ, ಗ್ಲಾಸಿನ ಮೇಲೇ ಕೂರುತ್ತದೆ. ನಾಲ್ಕೈದು ನಿಮಿಷಕ್ಕೆ ಮುಗಿಯುತ್ತದೆ. ಮೊದಲು ಎರಡು ಚಮಚ ನೀರು ಹಾಕಿ ಅರ್ಧ ನಿಮಿಷ ಬಿಡಬೇಕು. ಹುರಿದ ಬೀಜದಲ್ಲಿ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ, ಪುಡಿ ಸಮನಾಗಿ ನೆನೆಯುತ್ತದೆ. ವಿಯೆಟ್ನಾಂಗೆ ಕಾಫಿ ತಂದವರು ಫ್ರೆಂಚರು, 1857ರಲ್ಲಿ. ತಾಜಾ ಹಾಲು ಸಿಗದ ಆ ಕಡೆ ಡಬ್ಬದ ಸಿಹಿ ಹಾಲು ರೂಢಿಗೆ ಬಂತು. ಹನೋಯ್‌ನಲ್ಲಿ 1946ರಲ್ಲಿ ಹಾಲಿನ ಬರ ಬಂದಾಗ ಒಬ್ಬರು ಮೊಟ್ಟೆಯ ಹಳದಿ ಕಡೆದು ಕಾಫಿ ಮೇಲೆ ಹಾಕಿದರು. ಅದನ್ನು ಪಾದಚಾರಿ ದಾರಿಯ ಮೋಟು ಸ್ಟೂಲ್ ಮೇಲೆ ಕೂತು, ಸ್ಕೂಟರ್ ಹೊಗೆಯ ನಡುವೆ ತಿಂದೆ. ಕುಡಿದೆ ಅನ್ನಲು ಆಗದಷ್ಟು ದಪ್ಪ.

ಅಲ್ಲಿನ ಬೀಜ ಬಹುಪಾಲು ರೋಬಸ್ಟಾ. ಅರೇಬಿಕಾದಲ್ಲಿ ಕೆಫೀನ್ ಸುಮಾರು 1.2 ಶೇಕಡಾ ಇದ್ದರೆ ಇದರಲ್ಲಿ 2.2ರ ಹತ್ತಿರ. ಸಕ್ಕರೆ, ಎಣ್ಣೆ ಕಡಿಮೆ, ಕಹಿ ಜಾಸ್ತಿ. ಸೂಕ್ಷ್ಮ ಹುಳಿ ಮೊದಲೇ ಕಡಿಮೆ, ಹಾಗಾಗಿ ನಮ್ಮ ನೀರಿಗೆ ಕೆಡಿಸಲು ಅಂಥದ್ದೇನೂ ಸಿಗುವುದಿಲ್ಲ! ರೋಬಸ್ಟಾಕ್ಕಾಗಿ ವಿಯೆಟ್ನಾಂವರೆಗೂ ಹೋಗಬೇಕಿಲ್ಲ, ಕೊಡಗಿನಲ್ಲಿ ಬೆಳೆಯುವುದು ಬಹುಪಾಲು ಅದೇ. ಕೊಡಗಿನ ರೋಬಸ್ಟಾ, ಎರಡು ಚಮಚ ಮಿಲ್ಕ್‌ಮೇಡ್, ಗ್ಲಾಸ್ ತುಂಬ ಐಸ್. ಕಲಬುರಗಿಯ ಮೇ ತಿಂಗಳಲ್ಲಿ, 42 ಡಿಗ್ರಿ ಬಿಸಿಲಿನಲ್ಲಿ, ಬಿಸಿ ಫಿಲ್ಟರ್ ಕಾಫಿಯನ್ನೂ ಇದು ಸೋಲಿಸುತ್ತದೆ. ಪಕ್ಕದ ಮನೆ ಕಾಕಾ ಕೂಡ ಇದನ್ನು ಇನ್ನೊಂದು ಗ್ಲಾಸ್ ಕೇಳಿದರು.

ವಿಯೆಟ್ನಾಂ ಕಡೆ ಹೋಗುವವರು ಯಾರಾದರೂ ಇದ್ದರೆ ಸ್ಟೀಲಿನ ಫಿನ್ ತರಿಸಿ. ಅಲ್ಯೂಮಿನಿಯಂದು ಅಗ್ಗ, ಹಗುರ, ಆದರೆ ನಮ್ಮ ನೀರಿಗೆ ಬೇಗ ಕಪ್ಪಾಗುತ್ತದೆ. ಒಳಗೆ ಪುಡಿ ಒತ್ತುವ ಬಿಲ್ಲೆ ತಿರುಪಿನದು ಬೇಡ, ಸುಮ್ನೆ ಮೇಲೆ ಕೂರುವಂಥದ್ದು ಸಾಕು. ತಿರುಪಿನದರಲ್ಲಿ ಪುಡಿ ಉಬ್ಬಿದರೆ ನೀರು ಇಳಿಯದೆ ನಿಂತುಬಿಡುತ್ತದೆ. ಪುಡಿ ಫಿಲ್ಟರ್ ಕಾಫಿಗಿಂತ ಸ್ವಲ್ಪ ದಪ್ಪ ಇರಲಿ, ಚಿಕೋರಿ ಬೇಡ ಅಂತ ಅಂಗಡಿಯವರಿಗೆ ಮೊದಲೇ ಹೇಳಿ.