ಹಿತ್ತಲಿನ ಮಿಶ್ರ ಕೋಳಿಗಳಿಗೆ ಲೇಯರ್ ಫೀಡಾ, ಗ್ರೋವರಾ, ಮನೆ ಮಿಶ್ರಣವಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗ್ರೋವರ್ ಫೀಡಿಗೆ, ಅಂದರೆ ಬೆಳೆಯುವ ಕೋಳಿಗಳಿಗೆಂದು ಮಾಡಿದ ಆಹಾರಕ್ಕೆ. ಜೊತೆಗೆ ಬೇರೆ ಬಟ್ಟಲಲ್ಲಿ ಶೆಲ್ ಗ್ರಿಟ್, ಅಂದರೆ ಚಿಪ್ಪಿನ ಚೂರು. ಇರುವುದೆಲ್ಲ ಮೊಟ್ಟೆ ಇಡುವ ಕೋಳಿಗಳೇ ಆಗಿದ್ದರೆ ಲೇಯರ್ ಫೀಡ್ ಹಾಕಿ ಸುಮ್ಮನಿರಬಹುದು. ಆದರೆ ಚಿಕ್ಕಬಾಣಾವರದ ನಮ್ಮ ಹಿತ್ತಲಲ್ಲಿ ಮೊಟ್ಟೆ ಇಡುವ ನಾಟಿ ಕೋಳಿಗಳಿವೆ, ಇನ್ನೂ ಬೆಳೆಯುತ್ತಿರುವ ಗಿರಿರಾಜ ತಳಿಯವಿವೆ, ಹುಂಜವೂ ಇದೆ. ಎಲ್ಲಕ್ಕೂ ಒಂದೇ ಅಂಗಳ.

ಲೇಯರ್ ಫೀಡಿನ ತಕರಾರು ಇಲ್ಲೇ. ಮೊಟ್ಟೆ ಚಿಪ್ಪು ಗಟ್ಟಿಯಾಗಲಿ ಅಂತ ಅದರಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4ರಷ್ಟು ಹಾಕಿರುತ್ತಾರೆ. ಗ್ರೋವರಿನಲ್ಲಿ ಶೇ. 1ರ ಆಸುಪಾಸು. ಮೊಟ್ಟೆಗೆ ಬಾರದ ಕೋಳಿ ದಿನಾ ಅಷ್ಟು ಕ್ಯಾಲ್ಸಿಯಂ ತಿಂದರೆ ಕಿಡ್ನಿಗೆ ಪೆಟ್ಟು. ಹುಂಜಕ್ಕೂ ಅದು ಬೇಕಿಲ್ಲ.

'ಬೇರೆ ಬೇರೆ ಹಾಕಿ ಸಾರ್, ಅಷ್ಟೇ ಅಲ್ವಾ' ಅಂದರು ಅಂಗಡಿಯವರು. ಹೇಳುವುದು ಸುಲಭ. ದೊಡ್ಡ ಕೋಳಿ ನುಸುಳದಷ್ಟು ಕಿಂಡಿ ಬಿಟ್ಟರೆ ಚಿಕ್ಕವುಗಳ ಫೀಡ್ ಕಾಪಾಡಬಹುದು. ನನಗೆ ಬೇಕಿದ್ದದ್ದು ಅದರ ಉಲ್ಟಾ. ದೊಡ್ಡದು ಹೋಗಬೇಕು, ಚಿಕ್ಕದು ಹೋಗಬಾರದು. ಅಂಥ ಕಿಂಡಿಯನ್ನು ಯಾವ ಬಡಗಿಯೂ ಮಾಡಿಕೊಡಲಾರ.

ಫೀಡರನ್ನು ಎತ್ತರಕ್ಕೆ ನೇತುಹಾಕಿದೆ. ಎಳೆಯವು ಇಟ್ಟಿಗೆ ಹತ್ತಿ ತಿಂದವು. ಇಟ್ಟಿಗೆ ತೆಗೆದೆ. ಹಾರಿ ಫೀಡರ್ ಮೇಲೇ ಕೂತವು, ಅರ್ಧ ಫೀಡ್ ನೆಲಕ್ಕೆ ಚೆಲ್ಲಿತು. ಚೆಲ್ಲಿದ್ದೆಲ್ಲ ರಾತ್ರಿ ಹೆಗ್ಗಣಗಳ ಪಾಲು. ಕೊನೆಗೆ ಹೊತ್ತು ಹಂಚಿ ನೋಡಿದೆ, ಮೊದಲು ದೊಡ್ಡವಕ್ಕೆ, ಆಮೇಲೆ ಚಿಕ್ಕವಕ್ಕೆ. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಕೋಳಿ ಹಿಡಿದು ವಿಂಗಡಿಸುವ ಕೆಲಸ! ಜಾಲಹಳ್ಳಿ ಕ್ರಾಸಿನ ಟ್ರಾಫಿಕ್ಕೇ ಸಾಕಾಗಿದೆ, ಮನೆಯಲ್ಲೂ ಅದೇ ಯಾಕೆ?

ಗ್ರೋವರ್ ಹಾಕಿದರೆ ಈ ಗಲಾಟೆ ಇಲ್ಲ. ಎಲ್ಲವೂ ಒಂದೇ ಫೀಡರಲ್ಲಿ ತಿನ್ನುತ್ತವೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಹಾಗಾಗಿ ಮೊಟ್ಟೆ ಇಡುವವು ತಾವಾಗಿಯೇ ಗ್ರಿಟ್ ಬಟ್ಟಲಿಗೆ ಬರುತ್ತವೆ, ಸಂಜೆ ಹೊತ್ತು ಜಾಸ್ತಿ. ಎಳೆಯವು ಕುಕ್ಕಿ ನೋಡಿ ಬಿಟ್ಟುಬಿಡುತ್ತವೆ. ಗ್ರಿಟ್ಟನ್ನು ಫೀಡಿಗೇ ಬೆರೆಸಬೇಡಿ, ಬೆರೆಸಿದರೆ ಮತ್ತೆ ಅದೇ ಕಥೆ. ಪ್ರೋಟೀನ್ ಲೇಯರಿಗಿಂತ ತುಸು ಕಡಿಮೆ ಇರಬಹುದು. ನಾಟಿ ಕೋಳಿ ದಿನಾ ಮೊಟ್ಟೆ ಇಡುವುದಿಲ್ಲ, ನನಗೆ ಅಷ್ಟು ಸಾಕು.

ಮನೆ ಮಿಶ್ರಣ ನಮ್ಮತ್ತೆಯ ಪಕ್ಷ. ರಾಗಿ, ಅಕ್ಕಿ ನುಚ್ಚು, ಮುಸುಕಿನ ಜೋಳ, ಕಡಲೆಕಾಯಿ ಹಿಂಡಿ. ಕಾಳುಗಳಲ್ಲಿ ಪ್ರೋಟೀನ್ ಶೇ. 7ರಿಂದ 9 ಅಷ್ಟೇ, ಎಲ್ಲವೂ ಹಿಂಡಿಯ ಮೇಲೇ ನಿಂತಿದೆ. ಕೋಳಿಗಳೋ ಜೋಳ ಆರಿಸಿ ತಿಂದು ಹಿಂಡಿ ಪುಡಿ ಬಿಡುತ್ತವೆ. ಮಳೆಗಾಲದಲ್ಲಿ ಹಿಂಡಿಗೆ ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷದ ಭಯ ಬೇರೆ. ಈಗ ಗೂಡಿಗೆ ಕರೆಯಲು ಸಂಜೆ ಒಂದು ಹಿಡಿ ರಾಗಿ ಮಾತ್ರ, ಅತ್ತೆಗೂ ಸಮಾಧಾನ.

ಬ್ರಾಯ್ಲರ್ ಫೀಡ್ ಬೇಗ ತೂಕ ಬರಿಸಲಿಕ್ಕೆ, ನಮಗಲ್ಲ. 8 ವಾರದೊಳಗಿನ ಮರಿಗಳಿದ್ದರೆ ತಾಯಿ ಜೊತೆ ಮಂಕರಿಯೊಳಗೆ ಸ್ಟಾರ್ಟರ್, ಅಂದರೆ ಮರಿಗಳ ಫೀಡ್ ಹಾಕಿ.

ಇನ್ನು ದುಡ್ಡಿನ ಮಾತು. ದೊಡ್ಡ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತದೆ. ಹತ್ತು ಕೋಳಿಗೆ 50 ಕಿಲೋ ಚೀಲ ತಿಂಗಳು ದಾಟುತ್ತದೆ, ಮಳೆ ಹಿಡಿದರೆ ಅಷ್ಟರಲ್ಲಿ ಗಂಟು ಕಟ್ಟುತ್ತದೆ. ಲೂಸ್ ಕೊಂಡರೆ ತಯಾರಾದ ತಾರೀಖು ಕಾಣುವುದಿಲ್ಲ. ಅದಕ್ಕೇ ಪಕ್ಕದ ಬೀದಿಯಲ್ಲಿ ಕೋಳಿ ಸಾಕುವವರ ಜೊತೆ ಒಂದು ಚೀಲ ಅರ್ಧರ್ಧ ಹಂಚಿಕೊಳ್ಳುತ್ತೇನೆ.