ಹಿಮದ ರಸ್ತೆಗೆ ಯಾವ ಗೇರ್‌ಬಾಕ್ಸ್? ಮ್ಯಾನ್ಯುವಲ್ ಮತ್ತು ಆಟೋಮ್ಯಾಟಿಕ್: ಒಂದು ವಿಮರ್ಶೆ

ಹಿಮ ಬೀಳುವ ಪ್ರದೇಶಗಳಲ್ಲಿ ಕಾರು ಓಡಿಸುವವರ ನಡುವೆ ಒಂದು ಹಳೆಯ ತೀರ್ಪು ಇಂದಿಗೂ ಚಲಾವಣೆಯಲ್ಲಿದೆ: ಚಳಿಗಾಲಕ್ಕೆ ಮ್ಯಾನ್ಯುವಲ್ ಗೇರೇ ಸರಿ, ಆಟೋಮ್ಯಾಟಿಕ್ ಗಾಡಿ ಜಾರುವ ನೆಲದ ಮೇಲೆ ಚಾಲಕನ ಮಾತು ಕೇಳುವುದಿಲ್ಲ. ಎರಡೂ ಬಗೆಯ ಕಾರುಗಳನ್ನು ಹಿಮದ ಮೇಲೆ ಓಡಿಸಿ ನೋಡಿದ ನನ್ನ ಅಭಿಪ್ರಾಯದಲ್ಲಿ, ಈ ತೀರ್ಪು ಹಳೆಯ ಆಟೋಮ್ಯಾಟಿಕ್‌ಗಳ ಮಟ್ಟಿಗೆ ನ್ಯಾಯವಾದದ್ದು. ಈಗಿನವುಗಳ ಮಟ್ಟಿಗೆ ಇಳಿಜಾರಿನಲ್ಲಿ ಮತ್ತು ಹಿಮದಲ್ಲಿ ಹೂತುಕೊಂಡಾಗ ಮಾತ್ರ ಅದಕ್ಕೆ ಅರ್ಥವಿದೆ. ಹೊರಡುವುದು, ಏರುವುದು, ನಿಂತು ನಿಂತು ಸಾಗುವುದು, ಈ ಮೂರರಲ್ಲೂ ಒಳ್ಳೆಯ ಆಟೋಮ್ಯಾಟಿಕ್ ಸಾಮಾನ್ಯ ಚಾಲಕನಿಗಿಂತ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಹಿಡಿತದ ಲೆಕ್ಕ ನೋಡಿದರೆ ಇದರ ಕಾರಣ ತಿಳಿಯುತ್ತದೆ. ಒಣಗಿದ ಡಾಂಬರಿನ ಮೇಲೆ ಟೈರಿನ ಘರ್ಷಣಾಂಕ (ನೆಲದ ಮೇಲಿನ ಹಿಡಿತದ ಅಳತೆ) ಸುಮಾರು 0.7ರಿಂದ 0.8ರಷ್ಟಿರುತ್ತದೆ. ವಾಹನಗಳು ಓಡಾಡಿ ಗಟ್ಟಿಯಾದ ಹಿಮದ ಮೇಲೆ ಅದು 0.2, 0.3ರ ಮಟ್ಟಕ್ಕೆ ಇಳಿಯುತ್ತದೆ. ಮಂಜುಗಡ್ಡೆಯ ಮೇಲೆ 0.1ರ ಆಸುಪಾಸಿಗೆ ಬರುತ್ತದೆ, ಅದರಲ್ಲೂ ಸೊನ್ನೆ ಡಿಗ್ರಿಯ ಹತ್ತಿರ ಕರಗಲು ಆರಂಭಿಸಿದ ಮಂಜುಗಡ್ಡೆ ಕಡುಚಳಿಯ ಮಂಜುಗಡ್ಡೆಗಿಂತ ಹೆಚ್ಚು ಜಾರುತ್ತದೆ. ಇಷ್ಟು ಕಡಿಮೆ ಹಿಡಿತವಿರುವಲ್ಲಿ ಎಂಜಿನ್ನಿನ ಶಕ್ತಿ ಎಷ್ಟಿದೆ ಎಂಬುದಕ್ಕಿಂತ, ಆ ಬಲ ಚಕ್ರಕ್ಕೆ ಎಷ್ಟು ಮೆಲ್ಲಗೆ ತಲುಪುತ್ತದೆ, ಬೇಡವೆನಿಸಿದಾಗ ಎಷ್ಟು ಬೇಗ ಕಡಿದುಹೋಗುತ್ತದೆ ಎಂಬುದೇ ಮುಖ್ಯ. ಎರಡು ಗೇರ್‌ಬಾಕ್ಸ್‌ಗಳನ್ನೂ ನಾನು ಈ ಅಳತೆಯಿಂದಲೇ ನೋಡಿದ್ದೇನೆ.

ನಿಂತ ಕಾರನ್ನು ಹೊರಡಿಸುವಾಗ ಮ್ಯಾನ್ಯುವಲ್ ಚಾಲಕನಿಗೆ ಎರಡು ಸಾಧನಗಳಿವೆ. ಮೊದಲನೆಯದು, ಎರಡನೇ ಗೇರಿನಲ್ಲಿ ಹೊರಡುವುದು. ಇದರಿಂದ ಚಕ್ರಕ್ಕೆ ತಲುಪುವ ತಿರುಗುಬಲ ಕಡಿಮೆಯಾಗಿ ಚಕ್ರ ಸುಮ್ಮನೆ ಸುತ್ತುವ ಸಂಭವ ತಗ್ಗುತ್ತದೆ. ಎರಡನೆಯದು, ಕ್ಲಚ್ಚನ್ನು ಅರ್ಧ ಮಾತ್ರ ಬಿಟ್ಟ ಹಾಫ್ ಕ್ಲಚ್‌ನಲ್ಲಿ ಬಲವನ್ನು ಸ್ವಲ್ಪಸ್ವಲ್ಪವಾಗಿ ಬಿಡುವುದು. ಪಳಗಿದ ಕಾಲಿಗೆ ಇದು ಸುಲಭ. ದಪ್ಪ ಬೂಟು ತೊಟ್ಟ, ಚಳಿಗೆ ಮರಗಟ್ಟಿದ ಕಾಲಿಗೆ ಅಷ್ಟು ಸುಲಭವಲ್ಲ ಎಂಬುದನ್ನು ಮ್ಯಾನ್ಯುವಲ್‌ನ ಅಭಿಮಾನಿಗಳು ಹೇಳುವುದು ಕಡಿಮೆ. ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರುಗಳಿಗೂ ನಡುವೆ ಇರುವುದು ತೈಲ. ಆದ್ದರಿಂದ ಬಲ ತಾನಾಗಿಯೇ ನಯವಾಗಿ ಹರಿಯುತ್ತದೆ. ಆದರೆ ಇದೇ ಕನ್ವರ್ಟರ್ ಹೊರಡುವ ಗಳಿಗೆಯಲ್ಲಿ ಎಂಜಿನ್ನಿನ ಟಾರ್ಕನ್ನು, ಅಂದರೆ ತಿರುಗುಬಲವನ್ನು, ಹೆಚ್ಚುಕಡಿಮೆ ಎರಡು ಪಟ್ಟು ಮಾಡುವುದರಿಂದ, ಮೊದಲ ಗೇರಿನಲ್ಲಿ ಆಕ್ಸಿಲರೇಟರನ್ನು ತುಸು ಹೆಚ್ಚು ಒತ್ತಿದರೂ ಚಕ್ರ ಸುತ್ತತೊಡಗುತ್ತದೆ. ಹಿಮಕ್ಕೆಂದೇ ಇರುವ ಸ್ನೋ ಮೋಡ್ ಇದಕ್ಕೆ ಪರಿಹಾರ. ಅದು ಬಹುತೇಕ ಕಾರುಗಳಲ್ಲಿ ಎರಡನೇ ಗೇರಿನಲ್ಲಿ ಹೊರಡಿಸುತ್ತದೆ, ಮೇಲಿನ ಗೇರಿಗೆ ಬೇಗ ಹೋಗುತ್ತದೆ, ಆಕ್ಸಿಲರೇಟರಿನ ಚುರುಕನ್ನು ಮೊಂಡಾಗಿಸುತ್ತದೆ. ಅಂದರೆ, ಅನುಭವಿ ಮ್ಯಾನ್ಯುವಲ್ ಚಾಲಕ ಮಾಡುವುದನ್ನೇ ಅದೂ ಮಾಡುತ್ತದೆ, ಮತ್ತು ಪ್ರತಿ ಸಲವೂ ಒಂದೇ ರೀತಿಯಲ್ಲಿ ಮಾಡುತ್ತದೆ.

ಏರು ರಸ್ತೆಯಲ್ಲೂ ಆಟೋಮ್ಯಾಟಿಕ್‌ಗೇ ನನ್ನ ಅಂಕ. ಮ್ಯಾನ್ಯುವಲ್‌ನಲ್ಲಿ ಗೇರು ಬದಲಿಸುವಾಗ ಬಲ ಒಂದು ಕ್ಷಣ ಪೂರ್ತಿ ಕಡಿದುಹೋಗಿ, ಮತ್ತೆ ಒಮ್ಮೆಲೇ ಬಂದು ಬೀಳುತ್ತದೆ. ಕಷ್ಟಪಟ್ಟು ಗಳಿಸಿದ ವೇಗ ಹಿಮದ ಏರಿನಲ್ಲಿ ಆ ಒಂದು ಕ್ಷಣದಲ್ಲೇ ಕರಗಿಹೋಗುವುದುಂಟು.

ಹಳೆಯ ದೂರಿಗೆ ಮೂಲ ಕಾರಣವಾದದ್ದು ನಿಲ್ಲಿಸುವ ವಿಷಯ. ಡಿ (ಡ್ರೈವ್) ಸ್ಥಾನದಲ್ಲಿರುವ ಆಟೋಮ್ಯಾಟಿಕ್, ಆಕ್ಸಿಲರೇಟರ್ ಮುಟ್ಟದಿದ್ದರೂ ಮೆಲ್ಲಗೆ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಚಳಿಯಲ್ಲಿ ಈಗಷ್ಟೇ ಸ್ಟಾರ್ಟ್ ಆದ ಎಂಜಿನ್ ಮಾಮೂಲಿಗಿಂತ ಹೆಚ್ಚು ವೇಗದಲ್ಲಿ ಐಡಲ್ ಆಗುವುದರಿಂದ (ಆಕ್ಸಿಲರೇಟರ್ ಒತ್ತದೆಯೇ ತಿರುಗುವುದರಿಂದ) ಈ ತಳ್ಳುವಿಕೆಯೂ ಜೋರು. ಹಿಂಚಕ್ರ ಚಾಲನೆಯ ಹಳೆಯ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಮುಂಚಕ್ರಗಳು ತಿರುಗದೆ ಕಚ್ಚಿಕೊಂಡು ಜಾರುತ್ತಿದ್ದರೆ, ಹಿಂಚಕ್ರಗಳು ಅವನ್ನು ಇನ್ನೂ ಮುಂದಕ್ಕೆ ನೂಕುತ್ತಿದ್ದವು. ಮ್ಯಾನ್ಯುವಲ್‌ನಲ್ಲಿ ಕ್ಲಚ್ ಒತ್ತಿದರೆ ಕತೆ ಮುಗಿಯಿತು. ಆಟೋಮ್ಯಾಟಿಕ್‌ನಲ್ಲಿ ಇದಕ್ಕೆ ಸಮನಾದದ್ದು ನ್ಯೂಟ್ರಲ್‌ಗೆ ಹಾಕುವುದು, ಅದನ್ನು ಗಾಬರಿಯಲ್ಲಿ ನೆನಪಿಟ್ಟುಕೊಳ್ಳುವವರು ವಿರಳ. 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಬಂದ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ), 1995ರಲ್ಲಿ ಅದೇ ಎರಡು ಕಂಪನಿಗಳಿಂದ ಬಂದ, ಕಾರು ಅಡ್ಡ ಜಾರದಂತೆ ತಡೆಯುವ ಸ್ಥಿರತಾ ನಿಯಂತ್ರಣ ವ್ಯವಸ್ಥೆ, ಇವು ಮುಂದೆ ಸಾಮಾನ್ಯ ಕಾರುಗಳಿಗೂ ಇಳಿದುಬಂದ ಮೇಲೆ ಈ ದೂರಿನ ತೀವ್ರತೆ ಬಹಳ ತಗ್ಗಿದೆ. ಹಾಗೆಂದು ತಳ್ಳುವಿಕೆ ಇಲ್ಲವಾಗಿಲ್ಲ. ಮಂಜುಗಡ್ಡೆಯ ಸಿಗ್ನಲ್ಲಿನಲ್ಲಿ ನಿಲ್ಲಬೇಕಾದವರು ಅದನ್ನು ಈಗಲೂ ಪಾದದ ಕೆಳಗೆ ಗುರುತಿಸಬಲ್ಲರು.

ನನ್ನ ಮಟ್ಟಿಗೆ ಈ ಹೋಲಿಕೆಯ ನಿಜವಾದ ಪರೀಕ್ಷೆ ಇಳಿಜಾರು. ಹಿಮದ ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗ್ (ಕೆಳಗಿನ ಗೇರಿನಲ್ಲಿ ಎಂಜಿನ್ನಿನಿಂದಲೇ ವೇಗ ತಡೆಯುವುದು) ಒಳ್ಳೆಯದು ಎನ್ನುತ್ತಾರೆ, ಅದು ನಿಜವೂ ಹೌದು, ಆದರೆ ಅದರಲ್ಲೊಂದು ಅಪಾಯವೂ ಇದೆ. ಕಾಲಿನ ಬ್ರೇಕು ನಾಲ್ಕೂ ಚಕ್ರಗಳನ್ನು ಹಿಡಿಯುತ್ತದೆ. ಎಂಜಿನ್ ಹಿಡಿಯುವುದು ಚಾಲನೆಯ ಚಕ್ರಗಳನ್ನು ಮಾತ್ರ. ಮ್ಯಾನ್ಯುವಲ್ ಚಾಲಕ ಮೂರರಿಂದ ಎರಡಕ್ಕೆ ಗೇರು ಇಳಿಸಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಆ ಚಕ್ರಗಳು ಬ್ರೇಕ್ ಒತ್ತಿದಂತೆಯೇ ಕಚ್ಚಿಕೊಳ್ಳಬಹುದು, ಹಿಂಚಕ್ರ ಚಾಲನೆಯ ಕಾರಾದರೆ ಹಿಂಭಾಗ ತಿರುಗಿ ಮುಂದೆ ಬರಬಹುದು. ಇಳಿಜಾರು ಆರಂಭವಾಗುವ ಮೊದಲೇ ಗೇರು ಇಳಿಸಿ, ಎಂಜಿನ್ ವೇಗವನ್ನು ಸರಿಹೊಂದಿಸಿ ಕ್ಲಚ್ ಬಿಡುವ ಚಾಲಕನಿಗೆ ಮಾತ್ರ ಮ್ಯಾನ್ಯುವಲ್ ತನ್ನ ಪೂರ್ತಿ ಗುಣವನ್ನು ತೋರಿಸುತ್ತದೆ. ಹಾಗೆ ತೋರಿಸಿದಾಗ ಅದಕ್ಕೆ ಸಾಟಿಯಿಲ್ಲ: ಹಾಕಿದ ಗೇರು ಹಾಕಿದಲ್ಲೇ ಇರುತ್ತದೆ, ತಿರುವಿನ ನಡುವೆ ಏನೂ ಬದಲಾಗುವುದಿಲ್ಲ.

ಡಿ ಸ್ಥಾನದಲ್ಲೇ ಬಿಟ್ಟ ಆಟೋಮ್ಯಾಟಿಕ್‌ನ ನಡತೆ ಇಲ್ಲಿ ಎರಡು ವಿಧದಲ್ಲಿ ಕಿರಿಕಿರಿ ಮಾಡುತ್ತದೆ. ಆಕ್ಸಿಲರೇಟರ್ ಬಿಟ್ಟೊಡನೆ ಕೆಲವು ಕಾರುಗಳು ಇಂಧನ ಉಳಿಸಲು ಮೇಲಿನ ಗೇರಿಗೆ ಏರಿ ಹಗುರವಾಗಿ ಉರುಳತೊಡಗುತ್ತವೆ. ಇನ್ನು ಕೆಲವು, ಇಳಿಜಾರನ್ನು ಗುರುತಿಸಿ, ನಾವು ಬಯಸದ ಜಾಗದಲ್ಲಿ ತಾವಾಗಿಯೇ ಗೇರು ಇಳಿಸುತ್ತವೆ. ಚಾಲನೆಯ ಚಕ್ರಗಳು ಎಂಜಿನ್ ಹಿಡಿದುದರಿಂದಾಗಿ ಜಾರುವುದನ್ನು ಕಂಡುಕೊಂಡು ಎಂಜಿನ್ನಿಗೆ ತುಸು ಬಲ ಕೊಡುವ ವ್ಯವಸ್ಥೆ ಸ್ಥಿರತಾ ನಿಯಂತ್ರಣವಿರುವ ಅನೇಕ ಕಾರುಗಳಲ್ಲಿದೆ ಮತ್ತು ಅದು ಮ್ಯಾನ್ಯುವಲ್ ಚಾಲಕನ ಒರಟು ಕ್ಲಚ್ಚನ್ನೂ ಒಂದು ಮಟ್ಟಿಗೆ ಕ್ಷಮಿಸುತ್ತದೆ. ಆದರೂ ಆಟೋಮ್ಯಾಟಿಕ್ ಕಾರಿನಲ್ಲಿ ಹಿಮದ ಘಾಟಿ ಇಳಿಯುವವರು ಕೈಯಿಂದ ಗೇರು ಆಯ್ದುಕೊಳ್ಳುವ ಸ್ಥಾನಕ್ಕೆ ಹೋಗುವುದೇ ಒಳಿತು.

ಹಿಮದಲ್ಲಿ ಹೂತುಕೊಂಡ ಕಾರನ್ನು ಹಿಂದೆ ಮುಂದೆ ತೂಗಿಸಿ ಹೊರತೆಗೆಯುವ ಕೆಲಸದಲ್ಲಿ ಮ್ಯಾನ್ಯುವಲ್ ನಿಸ್ಸಂದೇಹವಾಗಿ ಮುಂದು. ಮೊದಲ ಗೇರು ಮತ್ತು ರಿವರ್ಸ್‌ನ ನಡುವೆ, ಅಥವಾ ಕ್ಲಚ್ಚನ್ನು ಒತ್ತುತ್ತ ಬಿಡುತ್ತ, ಕಾರಿನ ತೂಗಾಟದ ಲಯಕ್ಕೆ ಸರಿಯಾಗಿ ಬಲ ಕೊಡಬಹುದು. ಆಟೋಮ್ಯಾಟಿಕ್‌ನಲ್ಲಿ ಡಿ ಮತ್ತು ಆರ್ ನಡುವೆ ಪದೇ ಪದೇ ಓಡಾಡಿದರೆ ತೈಲ ಬಿಸಿಯೇರುತ್ತದೆ. ತೈಲವಿಲ್ಲದ ಒಣ ಕ್ಲಚ್ಚುಗಳೆರಡಿದ್ದು ತಾನಾಗಿಯೇ ಗೇರು ಬದಲಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗಳಂತೂ ಈ ಕೆಲಸಕ್ಕೆ ಹುಟ್ಟಿದವಲ್ಲ. ಅವು ಬೇಗ ಕಾದು, ಎಚ್ಚರಿಕೆಯ ದೀಪ ಬೆಳಗಿಸಿ ಕೈಚೆಲ್ಲುತ್ತವೆ. ಎರಡೂ ಬಗೆಯ ಕಾರಿಗೆ ಅನ್ವಯಿಸುವ ಇನ್ನೊಂದು ಮಾತಿದೆ: ಸಾಮಾನ್ಯ ಡಿಫರೆನ್ಶಿಯಲ್ (ಎರಡು ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಇರುವ ಕಾರಿನಲ್ಲಿ ಒಂದು ಚಕ್ರ ನಿಂತು ಇನ್ನೊಂದು ಸುತ್ತುತ್ತಿದ್ದರೆ, ಸುತ್ತುವ ಚಕ್ರದ ವೇಗ ಸ್ಪೀಡೋಮೀಟರ್ ತೋರಿಸುವುದರ ಎರಡು ಪಟ್ಟು. ಮುಳ್ಳು 50ರಲ್ಲಿದ್ದರೆ ಟೈರು 100ರ ವೇಗದಲ್ಲಿ ಮಂಜುಗಡ್ಡೆಯನ್ನು ಉಜ್ಜಿ ಇನ್ನಷ್ಟು ನುಣುಪು ಮಾಡುತ್ತಿರುತ್ತದೆ.

ಕಡುಚಳಿಯ ಬೆಳಗಿನಲ್ಲಿ ಮ್ಯಾನ್ಯುವಲ್‌ನ ಗೇರು ಕೋಲು ಗಟ್ಟಿಯಾಗುತ್ತದೆ, ಆಟೋಮ್ಯಾಟಿಕ್ ತಡವಾಗಿ ಗೇರು ಬದಲಿಸುತ್ತದೆ. ಎರಡೂ ಸ್ವಲ್ಪ ದೂರದ ನಂತರ ಸರಿಹೋಗುತ್ತವೆ. ಬ್ಯಾಟರಿ ಸೊರಗಿದರೆ ಮ್ಯಾನ್ಯುವಲ್ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಬಹುದು ಎಂಬ ವಾದವೂ ಇದೆ, ಆದರೆ ತಳ್ಳುವವರ ಕಾಲೇ ಜಾರುವ ನೆಲದಲ್ಲಿ ಅದಕ್ಕೆ ಹೆಚ್ಚು ಬೆಲೆ ಕೊಡಲಾರೆ. ಇನ್ನು ಟೈರಿನ ಮಾತು: ಚಳಿಗಾಲದ ಟೈರು ಹಾಕಿದ ಯಾವ ಗೇರ್‌ಬಾಕ್ಸಿನ ಕಾರಾದರೂ, ಬೇಸಿಗೆಯ ಟೈರಿನ ಮೇಲೆ ನಿಂತ ಇನ್ನೊಂದಕ್ಕಿಂತ ಮೇಲು.

ಕೊಳ್ಳುವವರಿಗೆ ನನ್ನ ಶಿಫಾರಸು ಹೀಗಿದೆ. ಊರೊಳಗಿನ ದಟ್ಟಣೆಯಲ್ಲಿ, ಹೆಚ್ಚಾಗಿ ಸಮತಟ್ಟಾದ ರಸ್ತೆಗಳಲ್ಲಿ ಓಡಾಡುವವರು ಆಟೋಮ್ಯಾಟಿಕ್ ಕೊಳ್ಳಲಿ, ಆದಷ್ಟು ಟಾರ್ಕ್ ಕನ್ವರ್ಟರ್ ಇರುವುದನ್ನೇ ಆರಿಸಲಿ. ಸ್ವಚ್ಛಗೊಳಿಸದ ಬೆಟ್ಟದ ದಾರಿಗಳಲ್ಲಿ ದಿನವೂ ಇಳಿಯಬೇಕಾದವರು, ಕ್ಲಚ್ಚಿನ ಮೇಲೆ ಕಾಲು ಪಳಗಿದ್ದರೆ, ಮ್ಯಾನ್ಯುವಲ್ ಬಿಡಬೇಕಾಗಿಲ್ಲ. ಆಟೋಮ್ಯಾಟಿಕ್ ನೋಡಲು ಹೋದಾಗ ಪರೀಕ್ಷಾ ಸವಾರಿಯಲ್ಲಿ ಎರಡು ವಿಷಯ ನೋಡಿ: ಕೈಯಿಂದ ಎರಡನೇ ಗೇರು ಹಾಕಿ ನಿಂತಲ್ಲಿಂದ ಹೊರಟರೆ ಅದು ನಿಜವಾಗಿಯೂ ಎರಡರಲ್ಲೇ ಹೊರಡುತ್ತದೆಯೇ, ಇಳಿಜಾರಿನಲ್ಲಿ ಆರಿಸಿದ ಗೇರನ್ನು ಹಿಡಿದುಕೊಳ್ಳುತ್ತದೆಯೇ ಅಥವಾ ಸ್ವಲ್ಪ ಹೊತ್ತಿನಲ್ಲೇ ತನ್ನಿಷ್ಟದಂತೆ ಡಿಗೆ ಮರಳುತ್ತದೆಯೇ. ಕೆಲವು ಕಾರುಗಳಲ್ಲಿ ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ನಿಂದ ಬದಲಿಸಿದ ಗೇರು ತಾತ್ಕಾಲಿಕ ಮಾತ್ರ. ಗೇರು ಕೋಲನ್ನೇ ಎಂ (ಮ್ಯಾನ್ಯುವಲ್) ಸ್ಥಾನಕ್ಕೆ ಸರಿಸಿದಾಗ ಮಾತ್ರ ಅದು ನಿಲ್ಲುತ್ತದೆ. ಮಾರಾಟಗಾರರು ಇದನ್ನು ತಾವಾಗಿ ಹೇಳುವುದು ಅಪರೂಪ.